ವಶರಾಮಭಾಯಿಯ ನಲವತ್ತೇಳನೆಯ ಯಂತ್ರ

ಮೋರಬಿಯ ಟೈಲ್ಸ್ ಕಾರ್ಖಾನೆಯೊಂದರಲ್ಲಿ ವಶರಾಮಭಾಯಿ ಇಪ್ಪತ್ತೆರಡು ವರ್ಷದಿಂದ ಎಲೆಕ್ಟ್ರಿಷಿಯನ್. ಟೈಲ್ಸ್ ಸುಡುವ ಭಟ್ಟಿಯನ್ನು ನಡೆಸುವ ಪ್ಯಾನೆಲ್ ಕೋಣೆಯ ಬೀಗದ ಕೈ ಅವನ ಸೊಂಟದ ದಾರದಲ್ಲೇ ಇರುತ್ತಿತ್ತು. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ.

ಪಕ್ಕದ ಓಣಿಯ ಕಾರ್ಖಾನೆಯಲ್ಲಿ ಆಫೀಸಿನ ಕಂಪ್ಯೂಟರಿಗೆ ಹೊಕ್ಕ ವೈರಸ್ಸು ಭಟ್ಟಿಯ ತನಕ ಹರಿದು, ಭಟ್ಟಿ ನಿಂತು, ಒಳಗೆ ಒಡೆದ ಟೈಲ್ಸನ್ನು ಮೂರು ದಿನ ಸಲಿಕೆಯಲ್ಲಿ ಎಳೆದರು. ಅದನ್ನು ಕೇಳಿ ಮಾಲೀಕ ಕಾಂತಿಶೇಠ್ ಹೆದರಿದ. ಕಾರ್ಖಾನೆಯ ಕಂಪ್ಯೂಟರ್ ಜಾಲ ತಪಾಸಣೆಗೆ ರಾಜಕೋಟದಿಂದ ಧ್ರುತಿ ಎಂಬ ಇಂಜಿನಿಯರ್ ಹುಡುಗಿಯನ್ನು ಕರೆಸಿ, ಎಲ್ಲರೆದುರಿಗೆ ಹೇಳಿದ:

"ಭಟ್ಟಿಗೆ ಹೊರಗಿನ ಇಂಟರ್ನೆಟ್ ಲೈನ್ ಯಾರು ಕೊಟ್ಟಿದ್ದಾರೋ, ಅವರ ಕೈಯಿಂದ ಬೀಗದ ಕೈ ಕಿತ್ಕೊಳ್ತೀನಿ. ನನ್ನ ಮಾವ ಆದ್ರೂ ಸರಿ."

ವಶರಾಮಭಾಯಿಯ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಮನೆಯಲ್ಲಿ ಕೂತು ಮೊಬೈಲಿನಲ್ಲಿ ಭಟ್ಟಿಯ ಶಾಖ ನೋಡಲೆಂದು, ಪ್ಯಾನೆಲಿನ ಹಿಂದೆ ಸಿಮ್ ಹಾಕಿದ ಪೆಟ್ಟಿಗೆಯೊಂದನ್ನು ಹೋದ ವರ್ಷ ಅವನೇ ಗುಟ್ಟಾಗಿ ಕೂರಿಸಿದ್ದ. ಶಾಖ ನೋಡದೆ ಅವನಿಗೆ ರೊಟ್ಟಿಯ ತುತ್ತು ಇಳಿಯುತ್ತಿರಲಿಲ್ಲ. "ನನಗೆ ಜ್ವರ ಬಂದಾಗ ಇಷ್ಟು ಸಲ ನೋಡಿದ್ರಾ?" ಎಂದು ಹೆಂಡತಿ ಜಸುಬೇನ್ ಕೇಳುತ್ತಿದ್ದಳು.

"ಕಾಕಾ, ಒಂದೇ ಜಾಲದಲ್ಲಿ ಎಷ್ಟು ಯಂತ್ರ ಇವೆ?" ಎಂದಳು ಧ್ರುತಿ.

"ನಲವತ್ತೊಂದು."

ಅವಳು ತನ್ನದೊಂದು ಪುಟ್ಟ ಪೆಟ್ಟಿಗೆ ಸಿಕ್ಕಿಸಿ, ಒಂದು ದಿನವೆಲ್ಲ ಜಾಲದೊಳಗೆ ಯಾರು ಯಾರ ಜೊತೆ ಮಾತಾಡುತ್ತಾರೆಂದು ಆಲಿಸಿದಳು. "ನಲವತ್ತೇಳು ಕಾಕಾ."

ವಶರಾಮಭಾಯಿಗೆ ನಿಜವಾಗಿ ಸಿಟ್ಟು ಬಂತು. ತಾನು ಬಚ್ಚಿಟ್ಟದ್ದು ಒಂದು. ಉಳಿದ ಐದು ಯಾರಪ್ಪನದು?

ಇಬ್ಬರೂ ತಂತಿಯ ಜಾಡು ಹಿಡಿದು ಹೊರಟರು. ಹೆಬ್ಬೆಟ್ಟು ಒತ್ತುವ ಹಾಜರಿ ಯಂತ್ರ ಸಿಕ್ಕಿತು. ಕ್ಯಾಂಟೀನಿನ ಟೀವಿ, ಲಾರಿ ತೂಗುವ ಕಾಟಾದ ಕಂಪ್ಯೂಟರ್, ಮೂರು ವರ್ಷದಿಂದ ಯಾರೂ ಮುಟ್ಟದೆ ಉಸಿರಾಡುತ್ತಲೇ ಇದ್ದ ಪ್ರಿಂಟರ್ ಸಿಕ್ಕವು. ಐದನೆಯದು ಶೇಠನ ಕೋಣೆಯಲ್ಲಿದ್ದ ಮೈ ಒತ್ತುವ ಕುರ್ಚಿ. ಒಂದೊಂದಕ್ಕೂ ವಶರಾಮಭಾಯಿ, "ಕಳ್ಳರು! ಕೇಳೋರಿಲ್ಲ, ಹೇಳೋರಿಲ್ಲ!" ಎಂದು ಬೈದ.

"ಇನ್ನೂ ಒಂದು ಯಂತ್ರ ಭಟ್ಟಿ ಪ್ಯಾನೆಲ್ ಕಡೆಯಿಂದ ಮಾತಾಡ್ತಿದೆ," ಎಂದಳು ಧ್ರುತಿ.

"ಅಲ್ಲಿ ಇಲಿ ಇವೆ ಬೇನ್, ಬಿಡಿ."

"ಇಲಿಗೆ ಸಿಮ್ ಯಾರು ಕೊಟ್ರು ಕಾಕಾ?"

ಅವಳು ಪ್ಯಾನೆಲಿನ ಹಿಂದಕ್ಕೆ ಟಾರ್ಚ್ ಬಿಟ್ಟಳು. ಪೆಟ್ಟಿಗೆಯ ಮೇಲೆ ಕುಂಕುಮದ ಬೊಟ್ಟಿತ್ತು, ಕೆಂಪು ದಾರವಿತ್ತು, ಎರಡು ಕಾಳು ಅಕ್ಷತೆ ಅಂಟಿಕೊಂಡಿತ್ತು.

"ಯಾವನೋ ಕಾಂಟ್ರಾಕ್ಟಿನವನು ಇಟ್ಟಿರ್ಬೇಕು."

"ಇಟ್ಟು, ದಸರಾ ದಿನ ವಾಪಸ್ ಬಂದು ಪೂಜೆ ಮಾಡಿ ಹೋದನಾ? ಬಹಳ ಭಕ್ತಿವಂತ."

ದಸರೆಗೆ ಕಾರ್ಖಾನೆಯ ಯಂತ್ರಗಳಿಗೆಲ್ಲ ಬೊಟ್ಟಿಡುವವನು ವಶರಾಮಭಾಯಿ ಒಬ್ಬನೇ. ಅವನು ನೆಲ ನೋಡಿದ. "ವರ್ಷವೆಲ್ಲ ನನಗೋಸ್ಕರ ದುಡಿದಿತ್ತು ಬೇನ್. ಅದೊಂದನ್ನೇ ಬಿಟ್ಟು ಹೇಗೆ ಪೂಜೆ ಮಾಡ್ಲಿ? ಪಟ್ಟಿಯಲ್ಲಿ ಹಳೇ ಡಬ್ಬ ಅಂತ ಬರೀರಿ."

"ಈ ದಾರಿಯಿಂದ ಯಾರು ಬೇಕಾದ್ರೂ ಭಟ್ಟಿಯೊಳಗೆ ಬರಬಹುದು. ಅದೊಂದನ್ನೇ ಬಿಟ್ಟು ನಾನು ಹೇಗೆ ಪಟ್ಟಿ ಬರೀಲಿ ಕಾಕಾ?"

ವಶರಾಮಭಾಯಿ ತಾನೇ ಪೆಟ್ಟಿಗೆ ಕಿತ್ತು, ದಾರ ಬಿಚ್ಚಿ ಕಣ್ಣಿಗೊತ್ತಿಕೊಂಡು, ನೆಟ್ಟಗೆ ಶೇಠನ ಬಳಿ ಹೋಗಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟ.

ಶೇಠ್ ಕೈ ಚಾಚಿದವನು, ಅಷ್ಟರಲ್ಲಿ ಧ್ರುತಿ ಮುಂದಿಟ್ಟ ಪಟ್ಟಿಯ ನಲವತ್ತಾರನೆಯ ಸಾಲು ಓದಿದ: ಮೈ ಒತ್ತುವ ಕುರ್ಚಿ. ಚಾಚಿದ ಕೈ ಅಲ್ಲೇ ನಿಂತಿತು.

"ಇದು ಬೆನ್ನುನೋವಿಗೆ ತರಿಸಿದ್ದು," ಎಂದ, ಕೆಮ್ಮಿ.

"ನನ್ನದು ಮನಸ್ಸಿನ ನೋವಿಗೆ ಶೇಠ್."

ಧ್ರುತಿಯೇ ದಾರಿ ಹೇಳಿದಳು. "ಮನೆಗೆ ಜಗಲಿ ಬೇರೆ, ಅಡುಗೆಮನೆ ಬೇರೆ ಇರಲ್ವಾ? ಜಗಲಿಗೆ ಬಂದೋರು ಒಲೆ ಮುಟ್ಟಬಾರದು." ಅದರಂತೆ ಆಫೀಸಿನ ಜಾಲ, ಕ್ಯಾಂಟೀನಿನ ಜಾಲ, ಭಟ್ಟಿಯ ಜಾಲ ಮೂರನ್ನೂ ಬೇರೆ ಮಾಡಿ, ನಡುವೆ ಕಾವಲಿನ ಪೆಟ್ಟಿಗೆ ಇಟ್ಟಳು. ಪ್ಯಾನೆಲ್ ಕೋಣೆಗೆ ಎರಡು ಬೀಗ. ಒಂದರ ಕೈ ವಶರಾಮಭಾಯಿಯ ಹತ್ತಿರ, ಇನ್ನೊಂದರದು ಶೇಠನ ಹತ್ತಿರ. ಒಬ್ಬನೇ ಒಳಗೆ ಹೋಗುವಂತಿಲ್ಲ.

ಮೊದಲ ದಿನ ಮಧ್ಯಾಹ್ನದೊಳಗೆ ವಶರಾಮಭಾಯಿ ಶೇಠನಿಂದ ಆರು ಸಲ ಬಾಗಿಲು ತೆಗೆಸಿದ್ದಾಯಿತು. ಊಟ ಮುಗಿಸಿ ಶೇಠ್ ಆ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದ.

"ಶೇಠ್, ಏಳಿ. ಶಾಖ ನೋಡ್ಬೇಕು."

"ಈಗ ತಾನೇ ನೋಡಿದ್ಯಲ್ಲೋ!"

"ಅದು ಊಟಕ್ಕೆ ಮುಂಚೆ."

ಕಾಂತಿಶೇಠ್ ಬೆನ್ನು ಹಿಡಿದುಕೊಂಡು, ಬೈಯುತ್ತ ಮೆಟ್ಟಿಲಿಳಿದ.