ಒಂದು ಬಡಿತಕ್ಕೆ ನಿಲ್ಲುವ ಲಾರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಸದ ಲಾರಿಗಳು ಸಾಲಾಗಿ ಮಲಗಿರುವ ಅಂಗಳದಲ್ಲಿ ಒಂದಕ್ಕೆ ಮಾತ್ರ ಜೀವ ಬಂದಿದೆ, ಅದೂ ನರಳುತ್ತಿದೆ. ಎರಡನೇ ಗೇರಿನಿಂದ ಮೂರಕ್ಕೆ ಹೋಗುವಲ್ಲಿ ಕರ್ರ್ ಎಂದು ಹಲ್ಲು ಕಡಿಯುತ್ತದೆ. ಸ್ಟಿಯರಿಂಗ್ ಹಿಡಿದು ಕೂತ ಸೀಟಿಯಕ್ಕ ಕಣ್ಣು ಕಣ್ಣು ಬಿಡುತ್ತಾಳೆ. ಪಕ್ಕದಲ್ಲಿರುವ ನಿವೃತ್ತ ಡ್ರೈವರ್, ಎಲ್ಲರ ಬಾಯಲ್ಲೂ ದೊಡ್ಡಣ್ಣ, ಹಣೆ ಚಚ್ಚಿಕೊಳ್ಳುತ್ತಾರೆ.

"ಕ್ಲಚ್ ಎರಡು ಸಲ ಒತ್ತು ಅಂದ್ನಲ್ಲಮ್ಮಾ?"

"ಎರಡು ಸಲಾನೇ ಒತ್ತಿದೆ ದೊಡ್ಡಣ್ಣ."

"ಮತ್ತೆ ಗಾಡಿ ಯಾಕೆ ಹೀಗೆ ಮುಗ್ಗರಿಸ್ತು?"

"ಅದೇ ನಂಗೂ ಗೊತ್ತಾಗ್ತಿಲ್ಲ."

ಈ ಹಳೇ ಲಾರಿಯ ಜಾಯಮಾನವೇ ಹಾಗೆ. ಒಮ್ಮೆ ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತರಬೇಕು, ಕಾಲು ಬಿಡಬೇಕು, ಮತ್ತೆ ಒತ್ತಿ ಮುಂದಿನ ಗೇರಿಗೆ ದೂಡಬೇಕು. ಅವಸರಪಟ್ಟರೂ ಕಷ್ಟ, ತಡಮಾಡಿದರೂ ಕಷ್ಟ. ಅದಕ್ಕೇ ದೊಡ್ಡಣ್ಣ ಕಿಟಕಿಯಿಂದ ಕೈ ಚಾಚಿ ಬಾಗಿಲಿಗೆ ತಾಳ ಹಾಕುತ್ತಾರೆ. ಧಪ್, ಒತ್ತು. ಒಂದು ಉಸಿರು ಬಿಟ್ಟು ಮತ್ತೆ ಧಪ್, ಇನ್ನೊಮ್ಮೆ ಒತ್ತು. ಈ ಅಂಗಳದ ಅರ್ಧಕ್ಕರ್ಧ ಡ್ರೈವರುಗಳು ಕಲಿತದ್ದು ಇದೇ ತಾಳಕ್ಕೆ. ಸೀಟಿಯಕ್ಕನಿಗೆ ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತಾಗಿದೆ: ಕೈ ಒಂದು ಕಡೆ, ಕಾಲು ಇನ್ನೊಂದು ಕಡೆ.

ಹನ್ನೊಂದು ವರ್ಷ ಆಕೆ ದುಡಿದದ್ದು ಇದೇ ಲಾರಿಯ ಹಿಂಭಾಗದಲ್ಲಿ. ಮನೆಮನೆಯ ಮುಂದೆ ಸೀಟಿ ಊದಿ, ಡಬ್ಬಿ ಎತ್ತಿ ಸುರಿಯುವ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಲಾರಿಯ ಹಿಂದೆ ದುಡಿಯುವವರಿಗೂ ಡ್ರೈವರಿಗೂ ನಡುವೆ ಮಾತಿಲ್ಲ, ಬಡಿತವೇ ಭಾಷೆ. ಲಾರಿಯ ಮೈಗೆ ಒಂದು ಬಡಿದರೆ ನಿಲ್ಲಿಸು, ಎರಡು ಬಡಿದರೆ ಹೊರಡು. ಒಂದು ದಿನ ಆಕೆ ಬಡಿದಳು, ಹಾಡು ಜೋರಾಗಿ ಹಾಕಿಕೊಂಡಿದ್ದ ಡ್ರೈವರಿಗೆ ಕೇಳಲಿಲ್ಲ. ರಿವರ್ಸ್ ಬರುತ್ತಿದ್ದ ಚಕ್ರ ಎಡಗಾಲಿನ ಕಿರುಬೆರಳ ಮೇಲೆ ಹತ್ತಿತು. "ಬೆರಳು ಹೋಯ್ತು, ಕಾಲು ಉಳೀತು. ಅವತ್ತೇ ಅಂದ್ಕೊಂಡೆ, ಮುಂದೆ ಕೂರೋರಿಗೆ ಕಿವಿ ಇರಬೇಕು ಅಂತ," ಎನ್ನುತ್ತಾಳೆ.

ಈಗ ಒಂದು ಡ್ರೈವರ್ ಸೀಟು ಖಾಲಿಯಾಗಿದೆ. ನಾಳೆ ಬೆಳಿಗ್ಗೆ ಪರೀಕ್ಷೆ. ತಪ್ಪಿದರೆ ಮತ್ತೆ ಹಿಂದಕ್ಕೇ ಎಂದು ಸೂಪರ್‌ವೈಸರ್ ಖಡಾಖಂಡಿತವಾಗಿ ಹೇಳಿದ್ದಾರೆ. ಆಕೆಗೆ ನಿದ್ದೆಯಿಲ್ಲ. ಅಡುಗೆಮನೆಯಲ್ಲಿ ಸೌಟು ತಿರುಗಿಸುವಾಗಲೂ ಎಡಗಾಲು ನೆಲ ಒತ್ತುತ್ತದೆ. ಟೈಲರ್ ಗಂಡ ಹೊಲಿಗೆ ಯಂತ್ರದ ಹಿಂದಿನಿಂದಲೇ ಕಿಚಾಯಿಸುತ್ತಾನೆ: "ಸಾರು ಯಾವ ಗೇರಲ್ಲಿದೆ? ತಳ ಹಿಡಿಯೋ ವಾಸನೆ ಬರ್ತಿದೆ!"

ಅಂಗಳದಲ್ಲಿ ಮತ್ತೆರಡು ಸುತ್ತು, ಮತ್ತೆರಡು ಕರ್ರ್. ಕಾವಲುಗಾರ ಚಹಾ ತಂದುಕೊಡುತ್ತಾನೆ. ದೊಡ್ಡಣ್ಣ ಎರಡೂ ಕೈಯಲ್ಲಿ ಬಿಸಿ ಲೋಟ ಹಿಡಿದು, "ನಡಿ, ನೋಡೋಣ," ಎನ್ನುತ್ತಾರೆ. ಲಾರಿ ಹೊರಡುತ್ತದೆ. ಎರಡು... ಮೂರು. ಸದ್ದೇ ಇಲ್ಲದೆ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯುತ್ತದೆ. ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಇದು ಹೇಗಾಯಿತೆಂದು ಕಲಿಸಿದವರಿಗೂ ಗೊತ್ತಿಲ್ಲ, ಕಲಿತವಳಿಗೂ ಗೊತ್ತಿಲ್ಲ. ಲೋಟ ಕೆಳಗಿಟ್ಟು ದೊಡ್ಡಣ್ಣ ಮತ್ತೆ ತಾಳ ಹಾಕುತ್ತಾರೆ. ಧಪ್. ಕರ್ರ್!

ಈ ಸಲ ಸೀಟಿಯಕ್ಕ ಬಗ್ಗಿ ತನ್ನ ಕಾಲನ್ನೇ ನೋಡಿಕೊಳ್ಳುತ್ತಾಳೆ. ಎಡಗಾಲು ಕ್ಲಚ್ ಮೇಲಿದೆ, ಸರಿ. ಬಲಗಾಲು ಬ್ರೇಕ್ ಮೇಲೆ! ಆಕೆ ಬೆಪ್ಪಾಗುತ್ತಾಳೆ, ಆಮೇಲೆ ನಗು ತಡೆಯಲಾಗುವುದಿಲ್ಲ.

"ದೊಡ್ಡಣ್ಣ, ನೀವು ಬಡೀಬೇಡಿ! ಒಂದು ಬಡಿತ ಅಂದ್ರೆ ನಿಲ್ಲಿಸು ಅಂತಲ್ವಾ? ನಂಗೇ ಗೊತ್ತಿಲ್ಲದ ಹಾಗೆ ಕಾಲು ಬ್ರೇಕಿಗೆ ಹೋಗಿ ಗಾಡಿ ನಿಲ್ಲಿಸ್ತಿದೆ, ಗೇರ್ ಹೇಗೆ ಬೀಳತ್ತೆ!"

ದೊಡ್ಡಣ್ಣ ತಮ್ಮ ಕೈಯನ್ನೇ ಕಳ್ಳನನ್ನು ನೋಡುವಂತೆ ನೋಡುತ್ತಾರೆ. "ಅಯ್ಯೋ, ಇಷ್ಟು ದಿನ ಕಾಟ ಕೊಟ್ಟೋನು ನಾನೇನಾ?" ಎನ್ನುತ್ತಾ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಾರೆ.

ಮರುದಿನ ಪರೀಕ್ಷೆಯಲ್ಲಿ ಏರು ಹತ್ತುವಾಗ ಒಮ್ಮೆ ಕರ್ರ್ ಎಂದಿತಂತೆ. "ಸುಳ್ಳು ಯಾಕೆ ಹೇಳ್ಲಿ, ಜೀವ ಬಾಯಿಗೆ ಬಂದಿತ್ತು," ಎನ್ನುತ್ತಾಳೆ. ಆದರೂ ಸೂಪರ್‌ವೈಸರ್ ಕೀಲಿಕೈಯನ್ನು ಆಕೆಯ ಅಂಗೈಗೇ ಹಾಕಿದರು.

ಈಗ ದಿನಾ ಮುಂಜಾನೆ ಈ ಲಾರಿ ಆಕೆಯದು. ಇಳಿಜಾರಿನಲ್ಲಿ ನಾಲ್ಕರಿಂದ ಮೂರಕ್ಕೆ ತರುವಾಗ ಇಂದಿಗೂ ಗೊಂದಲವೇ. ತುಟಿಯಲ್ಲೇ "ಒತ್ತು, ಬಿಡು, ಒತ್ತು" ಎಂದು ಗುನುಗುತ್ತಾಳೆ. ಕಿರಿದಾದ ಬೀದಿಯಲ್ಲಿ ರಿವರ್ಸ್ ತೆಗೆಯುತ್ತಿದ್ದಾಗ ಹಿಂದಿನಿಂದ ಹೊಸ ಕೆಲಸದವಳ ಕೈ ಬೀಳುತ್ತದೆ. ಧಪ್. ಆ ಸದ್ದು ಅಡಗುವ ಮೊದಲೇ ಲಾರಿ ಗಕ್ಕನೆ ನಿಂತಿರುತ್ತದೆ.

"ಗೇರ್ ಹಾಕೋಕೆ ನನಗಿಂತ ಚೆನ್ನಾಗಿ ಬಲ್ಲೋರು ಬೇಕಾದಷ್ಟು ಜನ ಇದ್ದಾರೆ," ಎನ್ನುತ್ತಾಳೆ ಸೀಟಿಯಕ್ಕ, ಕನ್ನಡಿಯಿಂದ ಕಣ್ಣು ಕೀಳದೆ. "ಆದ್ರೆ ನನ್ನ ಗಾಡಿ ಹಿಂದೆ ಇರೋರ ಕಾಲು ಜೋಪಾನವಾಗಿರತ್ತೆ."