ಕರಿಗಾಡಿಯ ಮೇಲೆ ಮೂರು ಗೆರೆ

ಮೊನ್ನೆ ಭಾನುವಾರ ಮಧ್ಯಾಹ್ನ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ಹುಡುಗಿ ತನ್ನ ಕಡುನೀಲಿ ಕಾರಿಗೆ ಬಾಟಲಿಯಿಂದ ಅದೇನನ್ನೋ ಪುಸ್ ಪುಸ್ ಎಂದು ಹೊಡೆಯುತ್ತಿದ್ದಳು. ಆ ವಾಸನೆ ಎರಡನೇ ಮಹಡಿಯ ನನ್ನ ಅಡುಗೆಮನೆಗೂ ಬಂತು. ಚಿಮಣಿ ಎಣ್ಣೆಯಲ್ಲಿ ಕಳಿತ ಬಾಳೆಹಣ್ಣು ಹಿಚುಕಿದಂಥ ವಾಸನೆ... ಲಟ್ಟಣಿಗೆ ಅಲ್ಲೇ ಬಿಟ್ಟು ಬಾಲ್ಕನಿಗೆ ಓಡಿದೆ. ನೆತ್ತಿಬಿಸಿಲಲ್ಲಿ ನಿಂತು ಇಡೀ ಗಾಡಿಗೆ ಒಮ್ಮೆಲೇ ಹೊಡೆದುಬಿಟ್ಟಿದ್ದಾಳೆ ಪುಣ್ಯಾತ್ಗಿತ್ತಿ! ನನಗೆ ತಡೆಯಲಾಗಲಿಲ್ಲ.

"ನೆರಳಿಗಿ ತಗೋ ತಂಗಿ! ಕಾದ ತಗಡಿನ ಮ್ಯಾಲೆ ಹೊಡದ್ರ ಗೆರಿ ಬೀಳ್ತಾವು!"

"ಆಂಟಿ, ನಿಮಗ ಇದೆಲ್ಲಾ ಹೆಂಗ ಗೊತ್ರಿ?" ಎಂದು ನಕ್ಕಳು. ಕಾರು ನಡೆಸುವುದು ಒತ್ತಟ್ಟಿಗಿರಲಿ, ಅದರ ಬಾಗಿಲನ್ನೂ ಗಟ್ಟಿಯಾಗಿ ಹಾಕಲು ಬಾರದ ಹೆಂಗಸು ನಾನು. ಏನು ಹೇಳಲಿ? ನಮ್ಮ ಮಾವನವರ ಮನೆಯಲ್ಲಿ ಒಬ್ಬ ಡ್ರೈವರ್ ಕಾಕಾ ಇದ್ದರು ಎಂದೆ. ಅಷ್ಟೇ ಹೇಳಿ ಒಳಗೆ ಬಂದುಬಿಟ್ಟೆ.

ಎರಡು ಸಾವಿರದ ನಾಲ್ಕನೇ ಇಸವಿಯ ಆಸುಪಾಸು. ನಾನು ಧಾರವಾಡದ ಮಾಳಮಡ್ಡಿಯಲ್ಲಿ ಬೆಳೆದವಳು. ಬಿ.ಎಸ್‌ಸಿ., ಬಿ.ಎಡ್. ಮುಗಿಸಿ ಹುಬ್ಬಳ್ಳಿಗೆ ಸೊಸೆಯಾಗಿ ಬಂದೆ. ಮಾವನವರದು ಕಾಳುಕಡಿ ವ್ಯಾಪಾರ, ದುರ್ಗದಬೈಲಿನಲ್ಲಿ ಅಂಗಡಿ. ಅತ್ತೆ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಹೆಣ್ಣು ಎಂದರೆ ನಾನೊಬ್ಬಳೇ. ಮುಂಜಾನೆ ಗಂಡ, ಮಾವ ಇಬ್ಬರೂ ಬುತ್ತಿ ಕಟ್ಟಿಸಿಕೊಂಡು ಹೋದರೆ ಸಂಜೆಯವರೆಗೆ ನಾನು, ಒಲೆ, ಗೋಡೆ. ಕಾಯಿಪಲ್ಯೆ ಬಾಗಿಲಿಗೆ ಬರುತ್ತಿತ್ತು, ಹಾಲು ಬಾಗಿಲಿಗೆ ಬರುತ್ತಿತ್ತು, ಬಳೆಗಾರನೂ ಬಾಗಿಲಿಗೇ ಬರುತ್ತಿದ್ದ. ಹೊರಗೆ ಹೋಗಲು ಒಂದು ನೆಪವನ್ನಾದರೂ ಉಳಿಸಿದ್ದರೆ ಕೇಳಿ! ಯಾರೂ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಅದೇ ಕಷ್ಟ. ಯಾರ ಮುಂದೆ ಏನಂತ ಅಳುವುದು?

ಅಡುಗೆಮನೆಯ ಕಿಟಕಿಯ ಕಂಬಿಯಾಚೆ ಪೋರ್ಚು. ಅಲ್ಲಿ ಮಾವನವರ ಹೊಸ ಕರಿ ಕಾರು. ಕಾರೆಂದರೆ ಅವರ ಜೀವ. ಸಂಜೆ ಬಂದು ಒಂದು ಕಣ್ಣು ಮುಚ್ಚಿ, ಓರೆಯಾಗಿ ಬಗ್ಗಿ, ಬಾನೆಟ್ಟಿನ ಮೇಲೆ ಗೆರೆ ಬಿದ್ದಿದೆಯೇ ಎಂದು ನೋಡುವರು. ಕರಿ ಬಣ್ಣ ಚಾಡಿಕೋರ ಬಣ್ಣ. ಬೆರಳು ತಾಗಿಸಿದರೂ ಹೇಳಿಬಿಡುತ್ತದೆ. ಅದನ್ನು ಒರೆಸುವುದು, ಬೈಸಿಕೊಳ್ಳುವುದು ಎರಡೂ ಡ್ರೈವರ್ ಕಾಕಾನ ಕೆಲಸ. ಗೋಪನಕೊಪ್ಪದಿಂದ ದಿನಾ ಸೈಕಲ್ ತುಳಿದು ಬರುತ್ತಿದ್ದರು. ಅವರೂ ಇಪ್ಪತ್ತೆರಡು ವರ್ಷ ಅದೇ ಗೇಟಿನೊಳಗೆ ಕಳೆದವರು. ಬೇರೆ ಕಡೆ ಕೆಲಸ ಹುಡುಕುವ ವಯಸ್ಸು ದಾಟಿಹೋಗಿತ್ತು.

ಒಮ್ಮೆ ಮುಂಬೈಯಿಂದ ಬಂದ ನೆಂಟರು ಒಂದು ಬಾಟಲಿ ತಂದುಕೊಟ್ಟರು. ಬಣ್ಣದ ಮೇಲೆ ಹೊಡೆದು ಒರೆಸಿದರೆ ಕಾಣದಂಥ ಪದರ ಕೂತು ಕನ್ನಡಿಯಂತೆ ಹೊಳೆಯುತ್ತದಂತೆ. ಕಾಕಾ ಅದನ್ನು ಬಿಸಿಲಿಗೆ ಗಾಡಿ ನಿಲ್ಲಿಸಿ, ತಲೆಯಿಂದ ಬಾಲದವರೆಗೆ ಸ್ನಾನ ಮಾಡಿಸಿದಂತೆ ಹೊಡೆದರು. ಒರೆಸುವಷ್ಟರಲ್ಲಿ ಒಣಗಿ, ಗಾಡಿಯ ಮೈತುಂಬ ಬಸವನಹುಳು ಹರಿದಾಡಿದ ಹಾಗೆ ಗೆರೆ! ಅಂದು ಮಾವನವರು ಬೀದಿಗೆ ಕೇಳುವಂತೆ ಬೈದರು. ಮರುದಿನ ಕಾಕಾ ಕಿಟಕಿಯ ಹತ್ತಿರ ಬಂದು ಬಾಟಲಿಯನ್ನು ಕಂಬಿಯೊಳಗಿಂದ ಚಾಚಿದರು.

"ಅಕ್ಕಾರ, ಇದರ ಮ್ಯಾಲೆ ಏನ ಬರದಾರ ಒಂಚೂರ ಓದ್ರಿ. ಇಂಗ್ಲಿಷಿಗೂ ನನಗೂ ಮೊದಲಿಂದ ಬೀಗತನ ಇಲ್ಲ."

ಓದಿ ಹೇಳಿದೆ. ಗಾಡಿ ನೆರಳಲ್ಲಿರಬೇಕು, ತಗಡು ತಣ್ಣಗಿರಬೇಕು. ಒಂದು ಸಲಕ್ಕೆ ಒಂದೇ ಭಾಗ; ಅದು ಮುಗಿಯುವವರೆಗೆ ಮುಂದಿನದಕ್ಕೆ ಕೈ ಹಾಕಬಾರದು. ಕರಿ ಬಣ್ಣಕ್ಕೆ ನೇರ ಹೊಡೆಯದೆ ಬಟ್ಟೆಗೆ ಹೊಡೆದು ಸವರಬೇಕು, ಅದೂ ಸ್ವಲ್ಪವೇ. ತೇವ ಆರುವ ಮೊದಲು ಇನ್ನೊಂದು ಒಣ ಬಟ್ಟೆಯಿಂದ ಒರೆಸಬೇಕು. ಆಮೇಲೆ ಹನ್ನೆರಡು ತಾಸು ನೀರು ತಾಗಬಾರದು. ಕಾಕಾ ಪ್ರತಿಯೊಂದಕ್ಕೂ "ಹೌದಾ!" ಎಂದು ಬಾಯಿ ತೆರೆದರು. ಕೊನೆಗೆ, "ನೀವು ಹೇಳೂದು ಭಾಳ ಛಂದ ತಿಳಿತೈತ್ರಿ ಅಕ್ಕಾರ. ಸಾಲ್ಯಾಗ ಇರಬೇಕಿತ್ತು ನೀವು" ಎಂದರು. ಆ ಮಾತು ಕೇಳಿ ಒಳಗೆ ಹೋಗಿ ಸೆರಗು ಬಾಯಿಗಿಟ್ಟು ಅತ್ತದ್ದು ಅವರಿಗೆ ಗೊತ್ತಿರಲಿಲ್ಲ.

ಅಂದಿನಿಂದ ತಿಂಗಳಿಗೊಮ್ಮೆ ನಾನೂ ಪೋರ್ಚಿಗೆ ಇಳಿಯತೊಡಗಿದೆ. ಅವರು ಹಸಿ ಬಟ್ಟೆ ಸವರುತ್ತ ಹೋದಂತೆ ನಾನು ಹಿಂದೆಯೇ ಒಣ ಬಟ್ಟೆ ಹಿಡಿದು ಬರುವುದು. ಕೈ ಹಗುರ ಇರಬೇಕು, ಬಟ್ಟೆಯನ್ನು ಆಗಾಗ ಮಗ್ಗುಲು ಬದಲಿಸಬೇಕು. ಆ ಒಂದು ತಾಸು ನನಗೆ ಹಬ್ಬ. ನಗಬೇಡಿ, ಒಂದು ಕಾರು ಒರೆಸುವುದನ್ನು ಹಬ್ಬ ಎಂದುಕೊಳ್ಳುವಷ್ಟು ಬರಗೆಟ್ಟಿದ್ದೆ. ಮಾವನವರು ಓರೆಗಣ್ಣಿಂದ ನೋಡಿ ಗೆರೆ ಕಾಣದೆ ಹೂಂಗುಟ್ಟಿ ಒಳಗೆ ಹೋದರೆ, ಕಾಕಾ ನನ್ನತ್ತ ನೋಡಿ ಹುಬ್ಬು ಹಾರಿಸುವರು.

ಆ ಮನೆಯಲ್ಲಿ ಪ್ರತಿ ಅಮಾವಾಸ್ಯೆಗೆ ಗಾಡಿಪೂಜೆ. ಮಾವನವರು ಸ್ವತಃ ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳಿಂದ ಬಾನೆಟ್ಟಿನ ನಟ್ಟನಡುವೆ ಅಡ್ಡಕ್ಕೆ ಎಳೆಯುವರು. ಸಂಜೆಯವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಹಾಗಾಗಿ ನಾವು ಅಮಾವಾಸ್ಯೆಗೆ ಎರಡು ದಿನ ಮುಂಚೆಯೇ ಆ ಔಷಧ ಹೊಡೆದು ಮುಗಿಸುತ್ತಿದ್ದೆವು.

ಇಷ್ಟರಲ್ಲಿ ಒಂದು ಕಾಗದ ಬಂತು. ಮದುವೆಗೆ ಮುಂಚೆ ನಾನು ಕಲಿತ ಸಾಲೆಯಲ್ಲೇ ಸಂದರ್ಶನಕ್ಕೆ ಹೋಗಿದ್ದೆ, ಮಾಳಮಡ್ಡಿಯಲ್ಲಿ. ವಿಜ್ಞಾನದ ಶಿಕ್ಷಕಿಯಾಗಿ ಹದಿನೈದು ದಿನದೊಳಗೆ ಹಾಜರಾಗಬೇಕು, ಇಲ್ಲವಾದರೆ ಮುಂದಿನವರಿಗೆ ಕೊಡುತ್ತೇವೆ ಎಂದಿತ್ತು. ಗೇಟಿನಲ್ಲಿ ಟಪಾಲಿನವನಿಂದ ಇಸಿದುಕೊಂಡು ತಂದುಕೊಟ್ಟವರೂ ಕಾಕಾನೇ. ನಾನು ಕುಣಿಯುವುದೊಂದು ಬಾಕಿ. ರಾತ್ರಿ ಊಟಕ್ಕೆ ಕೂತಾಗ ಮಾವನವರ ಮುಂದಿಟ್ಟೆ.

"ನಮ್ಮ ಮನಿ ಸೊಸಿ ಬಸ್ಸಿನ್ಯಾಗ ಜೋತಾಡಿ ಹೋಗಿ ದುಡಿಯೂದು ಬ್ಯಾಡವ್ವಾ. ನಿನಗೇನ ಕಡಿಮಿ ಐತಿ?" ಎಂದು ರೊಟ್ಟಿ ಮುರಿದರು. ನನ್ನ ಗಂಡ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, "ಅಪ್ಪಾರು ಹೇಳೂದೂ ಖರೇ, ನೀ ಹೇಳೂದೂ ಖರೇ" ಎಂದು ಕೈ ತೊಳೆದುಕೊಂಡರು. ಮುಗಿಯಿತು. ಕಾಕಾನಿಗೆ ಕಿಟಕಿಯಿಂದ ಎಲ್ಲ ಹೇಳಿದೆ. ಇನ್ನು ಎಷ್ಟು ದಿನ ಉಳಿದವು ಎಂದು ದಿನಾ ಕೇಳುತ್ತಿದ್ದರು. ಹನ್ನೊಂದು... ಎಂಟು... ನಾಲ್ಕು... ನಾನು ಎಣಿಸಿ ಹೇಳುತ್ತಿದ್ದೆ.

ಕೊನೆಯ ದಿನದ ಹಿಂದಿನ ದಿನ ಅಮಾವಾಸ್ಯೆ. ಬೆಳಿಗ್ಗೆ ನೋಡುತ್ತೇನೆ, ಕಾಕಾ ಬಾನೆಟ್ಟಿಗೆ ಬಾಟಲಿಯಿಂದ ನೇರವಾಗಿ, ದಂಡಿಯಾಗಿ ಹೊಡೆಯುತ್ತಿದ್ದಾರೆ! ನಾನು ಹೌಹಾರಿದೆ.

"ಕಾಕಾ, ಇವತ್ತ ಅಮಾಸಿ ಐತ್ರಿ!"

"ಗೊತ್ತೈತ್ರಿ" ಎಂದರು, ನನ್ನ ಕಡೆ ನೋಡದೆ.

ಮಾವನವರು ಮಡಿಯುಟ್ಟು ವಿಭೂತಿ ಬಟ್ಟಲು ಹಿಡಿದು ಬಂದರು. "ಒಣಗೇತೇನಲೇ?" ಎಂದರು. "ಒಣಗೇತ್ರಿ ಸಾವ್ಕಾರ್ರ" ಎಂದರು ಕಾಕಾ. ಇಪ್ಪತ್ತೆರಡು ವರ್ಷದಲ್ಲಿ ಅವರು ಹೇಳಿದ ಮೊದಲ ಸುಳ್ಳು ಅದೇ ಇರಬೇಕು. ಮೂರು ಬೆರಳು ಹಸಿ ಪದರದ ಮೇಲೆ ಎಳೆದುಹೋದವು. ಕಾಕಾ ಗಾಡಿಯನ್ನು ದಿನವಿಡೀ ಹೊರಗೆ ಬಿಸಿಲಲ್ಲಿ ನಿಲ್ಲಿಸಿದ್ದರು. ಸಂಜೆ ಒರೆಸಿದರೆ ವಿಭೂತಿ ಹೋಯಿತು, ಗೆರೆ ಹೋಗಲಿಲ್ಲ. ಪಾಟಿಯ ಮೇಲೆ ಬಳಪದಿಂದ ಎಳೆದಂತೆ ಮೂರೂ ಅಚ್ಚೊತ್ತಿ ಕೂತಿದ್ದವು. ಮಾವನವರು ಬೆರಳಿಂದ ತಿಕ್ಕಿ ನೋಡಿದರು. ಎಳೆದದ್ದು ತಮ್ಮದೇ ಕೈ, ಯಾರನ್ನು ಬೈಯುವುದು?

ಆಗ ಕಾಕಾ ನಿಧಾನವಾಗಿ ಹೇಳಿದರು. ಧಾರವಾಡದಲ್ಲಿ ಮಷೀನಿನಿಂದ ತಿಕ್ಕಿ ತೆಗೆಯುವ ಅಂಗಡಿಯೊಂದಿದೆ, ನಾಳೆಯೇ ಒಯ್ಯುತ್ತೇನೆ; ಆದರೆ ಬಾಟಲಿಯಲ್ಲಿ ಏನಿದೆ ಎಂದು ಆತ ಕೇಳಿದರೆ ತನಗೆ ಓದಲು ಬರುವುದಿಲ್ಲ. ಮಾವನವರು ನನ್ನ ಕಡೆ ತಿರುಗಿ, "ನೀನೂ ಹೋಗವ್ವಾ, ಓದಿ ಹೇಳು" ಎಂದರು.

ನನಗೆ ಆಗಲೂ ಪೂರ್ತಿ ತಿಳಿದಿರಲಿಲ್ಲ. ಆದರೂ ಬೆಳಿಗ್ಗೆ ಹೊರಡುವಾಗ ಆ ಕಾಗದವನ್ನು ಪರ್ಸಿನಲ್ಲಿಟ್ಟುಕೊಂಡೆ. ಯಾಕೆ ಇಟ್ಟುಕೊಂಡೆ ಎಂದು ಈಗ ಕೇಳಿದರೆ...

ಧಾರವಾಡ ಬಂತು. ಕಾರು ಅಂಗಡಿಗೆ ಹೋಗದೆ ಮಾಳಮಡ್ಡಿಗೆ ತಿರುಗಿ, ನನ್ನ ಸಾಲೆಯ ಗೇಟಿನ ಮುಂದೆ ನಿಂತಿತು. ಕಾಕಾ ಎಂಜಿನ್ ಬಂದ್ ಮಾಡಿದರು.

"ಒಣಗಿದ್ದಿಲ್ಲಂತ ನನಗ ಗೊತ್ತಿತ್ರಿ ಅಕ್ಕಾರ. ಬ್ಯಾರೆ ದಾರಿ ಕಾಣಲಿಲ್ಲ. ಇಳದ ಹೋಗಿ ಸಹಿ ಮಾಡಿ ಬರ್ರಿ. ಒಮ್ಮೆ ಸಹಿ ಬಿತ್ತಂದ್ರ ಸಾವ್ಕಾರ್ರು ನಾಕ ದಿನ ಒದರ್ಯಾಡಿ ಸುಮ್ನಾಗ್ತಾರ. ನಾನೂ ಎಲ್ಲಾ ನೋಡೀನಿ ಅವರದು."

ಬಂದು ನನ್ನ ಕಡೆಯ ಬಾಗಿಲು ತೆರೆದು ನಿಂತರು. ಗೇಟಿನೊಳಗೆ ಎರಡು ಜಡೆಯ ಹುಡುಗಿಯರು ಓಡಾಡುತ್ತಿದ್ದರು. ಎದುರಿಗೆ ಹತ್ತು ಹೆಜ್ಜೆ. ಬಾನೆಟ್ಟಿನ ಮೇಲೆ ಆ ಮೂರು ಗೆರೆ. ನನಗೆ ಮಾವನವರ ಬೆರಳೇ ಕಂಡಂತಾಯಿತು. ಸಂಜೆ ಏನು ಹೇಳಲಿ? ನಾಳೆ ಬುತ್ತಿ ಯಾರು ಕಟ್ಟುತ್ತಾರೆ? ಗಂಡ ತವರಿಗೇ ಹೋಗು ಎಂದರೆ? ಬಾಗಿಲು ತೆರೆದೇ ಇತ್ತು, ಕಾಲು ಏಳಲಿಲ್ಲ. ಇಷ್ಟು ದಿನ ಕಂಬಿಯನ್ನು, ಗೇಟನ್ನು, ಮನೆಯವರನ್ನು ಬೈದುಕೊಂಡವಳು ನಾನು. ಅಂದು ಕಂಬಿಯೂ ಇರಲಿಲ್ಲ, ಬೈಯುವವರೂ ಇರಲಿಲ್ಲ.

"ನಡೀರಿ ಕಾಕಾ, ಅಂಗಡಿಗೆ ಹೋಗೂಣು" ಎಂದೆ.

ಅವರು ಬಹಳ ಹೊತ್ತು ಬಾಗಿಲು ಹಿಡಿದುಕೊಂಡೇ ನಿಂತರು. ಸಾಲೆಯ ಗಂಟೆ ಹೊಡೆಯಿತು. ಆಮೇಲೆ ಬಾಗಿಲು ಮೆಲ್ಲಗೆ ಹಾಕಿದರು.

ಅಂಗಡಿಯವನು ಗೆರೆಯನ್ನೇನೋ ತೆಗೆದ. ಆದರೆ ಮಾವನವರಿಗೆ ಫೋನಿನಲ್ಲಿ, ಹೊಡೆದ ದಿನವೇ ವಿಭೂತಿಯ ನೀರು ಮುಟ್ಟಿಸಿದ್ದೀರಿ, ಬಾಟಲಿ ಮೇಲೆ ಸ್ಪಷ್ಟ ಬರೆದಿದೆಯಲ್ಲ ಎಂದುಬಿಟ್ಟಿದ್ದ. ನಾವು ಮನೆಗೆ ಬರುವಷ್ಟರಲ್ಲಿ ಅವರು ಪೋರ್ಚಿನಲ್ಲೇ ಕಾದಿದ್ದರು. ಕಾಕಾನ ಮುಂದೆಯೇ ನನ್ನನ್ನು ಕೇಳಿದರು.

"ಯವ್ವಾ, ಹನ್ನೆರಡ ತಾಸು ನೀರ ಹಚ್ಚಬಾರದಂತ ಇವಗ ಓದಿ ಹೇಳಿದ್ದಿಲ್ಲೇನು ನೀನು?"

ಹೇಳಿರಲಿಲ್ಲ ಎಂದಿದ್ದರೆ ತಪ್ಪು ನನ್ನದಾಗುತ್ತಿತ್ತು. ಆಗಿದ್ದರೆ ಏನು ಆಗುತ್ತಿತ್ತು? ನಾಲ್ಕು ಬೈಗುಳ. ಸೊಸೆಯನ್ನೇನು ಕೆಲಸದಿಂದ ತೆಗೆಯುತ್ತಿದ್ದರೇ? ಅಷ್ಟು ಸಣ್ಣ ಸುಳ್ಳು ನನ್ನ ಬಾಯಿಂದ ಬರಲಿಲ್ಲ. ನನಗಾಗಿ ಅಷ್ಟು ದೊಡ್ಡ ಸುಳ್ಳು ಹೇಳಿದ ಮನುಷ್ಯ ಎದುರಿಗೇ ನಿಂತಿದ್ದ.

"ಹೇಳಿದ್ದೆ ಮಾಮಾರ" ಎಂದೆ.

ಮಾವನವರು ಕಾಕಾನ ಕಡೆ ತಿರುಗಿ, ನಾಳೆಯಿಂದ ಬರಬೇಡ ಎಂದರು. ಕಾಕಾ ಕೀಲಿಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. "ಬರ್ತೇನ್ರಿ ಅಕ್ಕಾರ" ಎಂದು, ಸೈಕಲ್ ತಳ್ಳಿಕೊಂಡು ಗೇಟು ದಾಟಿದರು. ಅದೇ ಕೊನೆ. ಮತ್ತೆ ನಾನು ಅವರನ್ನು ನೋಡಲಿಲ್ಲ. ನೋಡುವ ಮುಖವೂ ಇರಲಿಲ್ಲ ಎನ್ನಿ.

ಮಾವನವರು ಹೋದರು, ಆ ಕಾರು ಹೋಯಿತು, ಮನೆಯೂ ಹೋಗಿ ಅಪಾರ್ಟ್‌ಮೆಂಟಿಗೆ ಬಂದೆವು. ಆದರೆ ಮೊನ್ನೆಯ ಆ ವಾಸನೆ ಮೂರು ದಿನ ನನ್ನನ್ನು ಬಿಡಲಿಲ್ಲ. ನಿನ್ನೆ ಗುರುವಾರ ಧೈರ್ಯ ಮಾಡಿ, ಅಂಗಡಿಯ ಹಳೆ ಹಮಾಲರೊಬ್ಬರನ್ನು ಕೇಳಿ ವಿಳಾಸ ತಿಳಿದುಕೊಂಡು, ಗೋಪನಕೊಪ್ಪಕ್ಕೆ ಹೋದೆ. ಕ್ಷಮಿಸಿರಿ ಎನ್ನಬೇಕೆಂದು ಆಟೋದಲ್ಲಿ ಕೂತು ನಾಲ್ಕು ಸಲ ಒಳಗೊಳಗೇ ಹೇಳಿಕೊಂಡಿದ್ದೆ. ಬಾಗಿಲಲ್ಲೇ ಕಾಕಾನ ಫೋಟೊ, ಅದಕ್ಕೆ ಹಾರ. ಹೋಗಿ ಆರು ವರ್ಷವಾಯಿತಂತೆ. ಕೆಲಸ ಬಿಟ್ಟ ಮೇಲೆ ಯಾರೂ ಗಾಡಿ ಕೊಡಲಿಲ್ಲವಂತೆ, ಕೊನೆಯವರೆಗೂ ಒಂದು ಗೋದಾಮಿನ ಬಾಗಿಲು ಕಾಯ್ದರಂತೆ.

ನಾನು ಯಾರೆಂದು ಹೇಳುತ್ತಲೇ ಅವರ ಹೆಂಡತಿ ಎರಡೂ ಕೈ ಹಿಡಿದುಕೊಂಡರು.

"ಅಯ್ಯ, ಟೀಚರ್ರ! ನಿಮ್ಮನ್ನ ದಿನಾ ನೆನಸ್ತಿದ್ರು ನಮ್ಮವರು. 'ನನ್ನ ಕೆಲಸ ಹೋದ್ರ ಹೋಗ್ಲಿ ಬಿಡು, ಆ ಅಕ್ಕಾರು ಅವತ್ತ ಸಾಲಿ ಸೇರಿದ್ರಲ್ಲಾ' ಅಂತಿದ್ರು. ಬಂದವರ ಮುಂದೆಲ್ಲಾ ಅದನ್ನ ಹೇಳ್ತಿದ್ರು ನೋಡ್ರಿ."

ಕೆಲಸ ಕಳೆದುಕೊಂಡದ್ದು ಸುಮ್ಮಸುಮ್ಮನೆ ಎಂದು ಹೆಂಡತಿಗೆ ಹೇಳಲು ಕಾಕಾನಿಗೆ ಮನಸ್ಸಾಗಿರಲಿಲ್ಲ. ನನ್ನನ್ನು ಕೆಟ್ಟವಳೆನ್ನಲೂ ಮನಸ್ಸಾಗಿರಲಿಲ್ಲ. ಈಗ ನಾನು ಕ್ಷಮೆ ಕೇಳಬೇಕೆಂದರೆ ಈ ಮುದುಕಿಯ ಕೈಯಿಂದ ಅದೊಂದನ್ನೂ ಕಸಿದುಕೊಳ್ಳಬೇಕು.

ಚಹಾ ತಂದುಕೊಟ್ಟು, ಹತ್ತಿರ ಕೂತು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೇಳಿದರು.

"ಇವತ್ತ ಸಾಲಿಗೆ ಹೋಗಿಲ್ಲಲ್ರಿ, ಸೂಟಿ ಏನ್ರಿ ಟೀಚರ್ರ?"

"ಹೌದ್ರಿ..." ಎಂದೆ. "ಸೂಟಿ."