ಮೂಸಿದ ಚೆಂಡುಹೂ

‘ನಾನು ಚಿಕ್ಕವಳಿದ್ದಾಗ ಎಲ್ಲರೂ ಎಷ್ಟು ಒಳ್ಳೆಯವರಿದ್ದರು ಗೊತ್ತಾ’ ಎಂದು ಯಾವ ಅಜ್ಜಿಯಾದರೂ ಶುರು ಮಾಡಿದರೆ ನಂಬಬೇಡಿ ಮಕ್ಕಳೇ. ನಾನೂ ಚಿಕ್ಕವಳಿದ್ದೆ, ನೋಡಿದ್ದೇನೆ. ಒಂದು ಶನಿವಾರದ ಕೋಪ ನನಗಿನ್ನೂ ಇಳಿದಿಲ್ಲ.

ಆಗ ನಾವು ಹ್ಯೂಸ್ಟನ್ನಿನ ಪಶ್ಚಿಮಕ್ಕೆ, ಊರು ಮುಗಿದು ಭತ್ತದ ಗದ್ದೆಗಳು ಶುರುವಾಗುವ ಕಡೆ ಇದ್ದೆವು. ಅಪ್ಪ ಧಾರವಾಡದಲ್ಲಿ ಕೃಷಿ ಓದಿ ಬಂದವರು. ನಾವಿದ್ದ ಕಡೆಯ ಕಪ್ಪು ಮಣ್ಣು ಮಳೆ ಬಿದ್ದರೆ ಬೂಟಿಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತಿತ್ತು, ಬಿಸಿಲಿಗೆ ಅಂಗೈ ಅಗಲ ಬಿರಿಯುತ್ತಿತ್ತು. ಅಪ್ಪ ಒಂದು ಹೆಂಟೆ ಎತ್ತಿ ಮುರಿದು, “ನಮ್ಮ ಎರಿ ಮಣ್ಣಽ ಅದ ನೋಡು” ಅಂದು ಅಲ್ಲೇ ನಿಂತುಬಿಟ್ಟವರು. ಹಸಿರು ಬದನೆ, ಚವಳಿಕಾಯಿ, ಬೆಂಡೆ, ಚೆಂಡುಹೂ ಬೆಳೆದರು. ರಸ್ತೆ ಬದಿಯ ನಮ್ಮ ಅಂಗಡಿಗೆ ತಾವೇ ಇಂಗ್ಲಿಷಿನಲ್ಲಿ ಹಲಗೆ ಬರೆದು ಹಾಕಿದ್ದರು: ‘ಎಲ್ಲವೂ ಇಲ್ಲೇ ಬೆಳೆದದ್ದು.’ ಆ ‘ಇಲ್ಲೇ’ ಅನ್ನುವ ಪದಕ್ಕೆ ಮಾತ್ರ ಕೆಂಪು ಬಣ್ಣ.

ಆ ವರ್ಷ ನಮ್ಮ ಕನ್ನಡದವರು ಶಾಲೆಯೊಂದರ ಹಾಲ್‌ನಲ್ಲಿ ದಸರಾ ಪೂಜೆ ಇಟ್ಟುಕೊಂಡಿದ್ದರು. ಅಲ್ಲಿಯವರೆಗೆ ದೇವಿಗೆ ಪ್ಲಾಸ್ಟಿಕ್ ಹಾರವೇ ಗತಿ. ಪೂಜೆಯ ಉಸ್ತುವಾರಿ ಹೊತ್ತ ಆಂಟಿ ಮೊದಲ ಸಲ ಅಪ್ಪನನ್ನು ಹೂ ಕೇಳಿದರು. ಅಪ್ಪ ಅದಕ್ಕೆಂದೇ ಬದನೆಯ ಒಂದೆರಡು ಸಾಲು ಕಿತ್ತು, ಆ ಪಟ್ಟಿ ತುಂಬ ಚೆಂಡುಹೂ ಹಾಕಿದರು. ತಾವು ಬೆಳೆದದ್ದು ದೇವರ ಮೈಮೇಲೆ ಕಾಣಬೇಕು ಎಂಬುದೊಂದೇ ಆಸೆ.

ಶನಿವಾರ ಬೆಳಗಿನ ಇಬ್ಬನಿಯಲ್ಲಿ ಅಪ್ಪ, ಅಕ್ಕ, ನಾನು ಹೂ ಕಿತ್ತೆವು. ಬೆರಳೆಲ್ಲ ಕಹಿ ವಾಸನೆ, ಉಗುರೆಲ್ಲ ಹಸಿರು. ಪೂಜೆಯ ಹೂಗಳನ್ನು ಎರಡು ಟಬ್ಬಿಗೆ ತುಂಬಿ, ಒದ್ದೆ ಬಟ್ಟೆ ಹೊದಿಸಿ, ಅಪ್ಪ ಅಂಗಡಿಯ ಹಿಂದೆ ನೆರಳಲ್ಲಿ ಇಟ್ಟರು.

ಈಗ ನನ್ನ ತಪ್ಪು. ಅದನ್ನು ಮುಚ್ಚಿಡುವುದಿಲ್ಲ. ನಾನು ಶಾಲೆಯ ಡಿಬೇಟ್ ತಂಡದಲ್ಲಿದ್ದೆ, ಯಾವ ಮಾತಿಗೂ ಸಾಕ್ಷಿ ಬೇಕು ಎಂದು ಕಲಿತಿದ್ದೆ. ಹೂ ಇಲ್ಲೇ ಬೆಳೆದದ್ದು ಎಂಬುದಕ್ಕೆ ಸಾಕ್ಷಿ ಅದರ ವಾಸನೆ ತಾನೆ? ಅಪ್ಪನ ಹಲಗೆಯ ಕೆಳಗೆ ಸುಣ್ಣದ ಕಡ್ಡಿಯಿಂದ ‘ಮೂಸಿ ನೋಡಿ’ ಎಂದು ಬರೆದೆ. ಒಳ್ಳೆಯ ಹೂ ಮುಂದೆ ಇರಲಿ ಎಂದು ಪೂಜೆಯ ಟಬ್ಬುಗಳನ್ನೇ ಎಳೆದು ತಂದಿಟ್ಟೆ.

ಆಂಟಿಯ ಕಾರು ಬಂದು ನಿಂತಾಗ, ದೊಡ್ಡ ಹ್ಯಾಟಿನ ರೈತನೊಬ್ಬ ಆ ಟಬ್ಬಿನೊಳಗೆ ಮೂಗು ಅದ್ದಿ ಕಣ್ಣು ಮುಚ್ಚಿಕೊಂಡಿದ್ದ.

“ಅಯ್ಯೋ, ಇದೇನಾ ನಮ್ಮ ಹೂವು?” ಎಂದರು ಆಂಟಿ. “ಮೂಸಿದ ಹೂವನ್ನ ದೇವರಿಗೆ ಹೇಗ್ರೀ ಇಡೋದು?”

ಅಪ್ಪ ನನ್ನ ಕಡೆ ನೋಡಿದರು, ಹಲಗೆಯ ಕಡೆ ನೋಡಿದರು. “ಗಿಡದಾಗ ಇನ್ನೂ ಒಂದಿಷ್ಟು ಅದಾವ್ರಿ, ಈಗ ಕಿತ್ತು ಕೊಡ್ತೀನಿ.”

“ಬೇಡ ಬಿಡಿ. ಅದನ್ನ ಇನ್ಯಾರು ಮೂಸಿದಾರೋ!”

ನನಗೆ ತಡೆಯಲಾಗಲಿಲ್ಲ. “ಆಂಟಿ, ಜೇನುಹುಳ ಒಳಗ ಕೂತು ಹೋದ್ರ ನಡೀತದ, ಮನುಷ್ಯಾ ಮೂಸಿದ್ರ ನಡಿಯೂದಿಲ್ಲಾ? ನಿಮ್ಮ ಪ್ಲಾಸ್ಟಿಕ್ ಹಾರ ಯಾರೂ ಮೂಸಿಲ್ಲ ಖರೆ. ಮೂಸ್ಲಿಕ್ಕೆ ಅದರಾಗ ಏನದ?”

ಅಕ್ಕ ನನ್ನ ಜಡೆ ಹಿಡಿದು ಎಳೆದಳು. ಆಂಟಿ ನಕ್ಕರು. “ಬಾಯಿ ಮಾಡೋದಕ್ಕೆ ಸ್ಕೂಲಲ್ಲಿ ಪ್ರೈಜ್ ಬೇರೆ ಕೊಡ್ತಾರಂತಲ್ಲ ಇವಳಿಗೆ!” ಆಮೇಲೆ ಬದನೆಕಾಯಿಗಳಿಗೆ ಒಂದೊಂದಾಗಿ ಉಗುರು ಒತ್ತಿ ನೋಡಿ, ಎಣ್ಣೆಗಾಯಿಗೆ ಎಳೆಯವನ್ನೇ ಆರಿಸಿಕೊಂಡು ಹೋದರು. ಆ ಉಗುರಿನ ಗುರುತು ಬಿದ್ದ ಕಾಯಿ ಯಾರಿಗೆ ಬೇಕು? ಅದನ್ನು ಯಾರೂ ಕೇಳಲಿಲ್ಲ.

ಸಂಜೆ ನಾವೂ ಪೂಜೆಗೆ ಹೋದೆವು. ದೇವಿಯ ಕೊರಳಲ್ಲಿ ಹೋದ ವರ್ಷದ ಪ್ಲಾಸ್ಟಿಕ್ ಹಾರ, ಅದರ ಎಸಳುಗಳ ನಡುವೆ ಹೋದ ವರ್ಷದ್ದೇ ಧೂಳು. ಅಪ್ಪ ಕೈ ಮುಗಿದರು. ನಾನು ಮುಗಿಯಲಿಲ್ಲ. ಬರುವಾಗ ಪಿಕಪ್ ಟ್ರಕ್ಕಿನಲ್ಲಿ ಅವರು ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ವಾದ ಮಾಡಬಹುದಿತ್ತು. “ನೀ ಅಂದದ್ದು ತಪ್ಪಲ್ಲ ಯವ್ವಾ,” ಎಂದರು ಅಷ್ಟೆ.

ಮರುದಿನ ಒದ್ದೆ ಬಟ್ಟೆಯಿಂದ ಹಲಗೆಯ ಮೇಲಿನ ನನ್ನ ಸಾಲನ್ನು ಒರೆಸಿದರು. ಮರುವರ್ಷ ಆ ಪಟ್ಟಿಯಲ್ಲಿ ಬೆಂಡೆ ಹಾಕಿದರು. ಆಮೇಲೆ ಎಂದೂ ನಮ್ಮ ಹೊಲದಲ್ಲಿ ಚೆಂಡುಹೂ ಅರಳಲಿಲ್ಲ. ಆಂಟಿಯ ಮೇಲೆ ಕೋಪವೋ, ನನ್ನ ಮೇಲೋ, ಸುಮ್ಮನಿದ್ದ ಅಪ್ಪನ ಮೇಲೋ? ಮೂವರ ಮೇಲೂ. ಹಂಚಿದರೂ ಕಡಿಮೆಯಾಗುವುದಿಲ್ಲ.

ಆ ಹೊಲದ ಮೇಲೆ ಈಗ ಎನರ್ಜಿ ಕಾರಿಡಾರಿನ ತೈಲ ಕಂಪನಿಗಳ ಗಾಜಿನ ಆಫೀಸುಗಳು ನಿಂತಿವೆ. ನೀವಿರುವ ಪ್ರಾಸ್ಪರ್ ಊರಿನಲ್ಲಿ ಚೆಂಡುಹೂ ಬೇಕೆಂದರೆ ನಿಮ್ಮಮ್ಮ ಡ್ರೈವ್ ಮಾಡಿ ಹೋಗಿ ಡಬ್ಬಿಯಲ್ಲಿ ತರುತ್ತಾಳೆ, ಫ್ರಿಡ್ಜಿನ ತಣ್ಣಗಿನ ಹೂ. ಯಾವ ಮಣ್ಣಿನದು, ಯಾರು ಕಿತ್ತದ್ದು, ಒಬ್ಬರೂ ಕೇಳುವುದಿಲ್ಲ. ಡಬ್ಬಿ ಮುಚ್ಚಿದೆ, ಹಾಗಾಗಿ ಮಡಿ! ಮೊನ್ನೆ ನೀವು ಅದನ್ನು ತೆರೆದು, ಮುಟ್ಟದೆ ನಿಂತು, “ಅಜ್ಜಿ, ಕ್ಯಾನ್ ಐ ಸ್ಮೆಲ್ ಇಟ್?” ಎಂದು ಕೇಳಿದಿರಲ್ಲ?

ಮೂಸಿ. ಮೂಗಿನ ತುದಿಗೆ ಹಳದಿ ಪುಡಿ ಹತ್ತುವ ಹಾಗೆ ಮೂಸಿ. ಆಮೇಲೆ ನೀವೇ ದೇವರಿಗೆ ಇಡಿ. ಯಾರಾದರೂ ಬೇಡ ಅಂದರೆ ನನ್ನನ್ನು ಕರೆಯಿರಿ. ನನ್ನ ವಾದ ಇನ್ನೂ ಮುಗಿದಿಲ್ಲ.